ಕಾಗದದೊಳಗಿನ ಹಬೆ

ಡಿಸೆಂಬರ್ ನಡುವಿನ ದಿನಗಳಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಹೊತ್ತು ಮುಳುಗುತ್ತದೆ. ಐದು ಗಂಟೆಗೆಲ್ಲ ಕಗ್ಗತ್ತಲು. ಕೆಲಸ ಮುಗಿಸಿದವರು ಕೋಟಿನ ಕಾಲರ್ ಎತ್ತಿಕೊಂಡು, ಕೈಗಳನ್ನು ಜೇಬಿಗಿಳಿಸಿ ಬಿರಬಿರನೆ ನಡೆಯುತ್ತಿರುವಾಗ ಬೀದಿಯ ತಿರುವಿನಲ್ಲಿ ಒಂದು ಅಂಗಡಿಯ ಗಾಜು ಒಳಗಿನಿಂದ ಬೆವೆತು, ದೀಪದ ಬೆಳಕು ಬಿಟ್ಟರೆ ಬೇರೇನೂ ಕಾಣದ ಹಾಗಾಗಿರುತ್ತದೆ. ಬೋರ್ಡು ಓದುವ ಅಗತ್ಯವಿಲ್ಲ. ಅದು ಅಲ್ಲಿನವರು ಚಿಪ್ಪಿ ಎಂದು ಕರೆಯುವ ಅಂಗಡಿ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಬೆರಳಿಗಿಂತ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ, ಇವೆರಡೇ ಅಲ್ಲಿನ ಮುಖ್ಯ ವ್ಯಾಪಾರ. ನಮ್ಮ ಬೇಕರಿಯ ಭರಣಿಯಲ್ಲಿರುವ ತೆಳ್ಳನೆಯ ಬಿಲ್ಲೆಯನ್ನು ಸದ್ಯಕ್ಕೆ ಮರೆತುಬಿಡಿ. ಈ ಅಧ್ಯಾಯದಲ್ಲಿ ಚಿಪ್ಸ್ ಎಂದರೆ ಆ ದಪ್ಪ ತುಂಡು, ಕಾಗದದಲ್ಲಿ ಸುತ್ತಿಸಿಕೊಂಡು ಬಿಸಿ ಆರುವ ಮುನ್ನ ತಿನ್ನುವಂಥದ್ದು.

ಗಾಜಿನ ಮೇಲಿನ ಆ ಹನಿಗಳು ಎಲ್ಲಿಂದ ಬಂದವು? ಸಾಲಿನಲ್ಲಿ ನಿಂತವರ ಉಸಿರಿನಿಂದ ಬಂದದ್ದು ಅಲ್ಪಸ್ವಲ್ಪ. ಹೆಚ್ಚಿನದು ಆಲೂಗಡ್ಡೆಯೊಳಗಿಂದ ಬಂದ ನೀರು. ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಒಂದು ಕಿಲೋ ಹಸಿ ತುಂಡುಗಳು ಎಣ್ಣೆಗೆ ಬಿದ್ದು ಮೇಲೆ ಬರುವಷ್ಟರಲ್ಲಿ 300 ಗ್ರಾಂ ನೀರು ಕಳೆದುಕೊಂಡವು ಎಂದಿಟ್ಟುಕೊಳ್ಳೋಣ. ಕುದಿಬಿಂದುವಿನಲ್ಲಿ ಒಂದು ಗ್ರಾಂ ನೀರು ಆವಿಯಾದರೆ ಅದಕ್ಕೆ ಸುಮಾರು 1.7 ಲೀಟರ್ ಜಾಗ ಬೇಕು. ಲೆಕ್ಕ ಹಾಕಿ: ಒಂದೇ ಕಿಲೋ ಚಿಪ್ಸಿನಿಂದ 500 ಲೀಟರ್ ಹಬೆ! ಶುಕ್ರವಾರದ ಸಂಜೆ ಇಂಥ ಅಂಗಡಿಯಲ್ಲಿ 25 ಕಿಲೋ ತೂಕದ ಕಾಗದದ ಚೀಲಗಳು ಒಂದರ ಹಿಂದೊಂದು ಖಾಲಿಯಾಗುತ್ತವೆ. ಬಾಣಲೆಯ ಮೇಲಿನ ಹೊಗೆಗೊಳವೆ ಎಷ್ಟೇ ಎಳೆದುಕೊಂಡರೂ ಸ್ವಲ್ಪ ಹಬೆ ಅಂಗಡಿಯೊಳಗೆ ಉಳಿದೇ ಉಳಿಯುತ್ತದೆ, ತಣ್ಣನೆಯ ಗಾಜು ಸಿಕ್ಕಿದಲ್ಲಿ ಮತ್ತೆ ನೀರಾಗುತ್ತದೆ. ಬೀದಿಯ ಆ ತುದಿಗೂ ಪರಿಮಳ ಹೊತ್ತೊಯ್ಯುವುದು ಇದೇ ಹಬೆ.

ಕರಿಯುವುದೆಂದರೆ ಎಣ್ಣೆಯ ಕೆಲಸ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಎಣ್ಣೆ ಇಲ್ಲಿ ಶಾಖ ತಲುಪಿಸುವ ಕೂಲಿ ಮಾತ್ರ. ನಿಜವಾಗಿ ನಡೆಯುವುದೆಲ್ಲ ನೀರಿನ ವ್ಯವಹಾರ: ಅದು ಎಷ್ಟಿತ್ತು, ಎಷ್ಟು ಹೊರಗೆ ಹೋಯಿತು, ಎಷ್ಟು ಉಳಿಯಿತು, ಹೋದದ್ದರಲ್ಲಿ ಎಷ್ಟು ಮರಳಿ ಬಂತು. ಚಿಪ್ಪಿಯ ಚಿಪ್ಸಿಗೂ ಬೇರೆಲ್ಲ ಬಗೆಯ ಕರಿದ ಆಲೂಗಡ್ಡೆಗೂ ಇರುವ ವ್ಯತ್ಯಾಸ ಈ ಕೊನೆಯ ಮಾತಿನಲ್ಲಿದೆ. ಮರಳಿ ಬರುವ ನೀರನ್ನು ಬೇಡವೆನ್ನದೆ ಒಪ್ಪಿಕೊಂಡ ತಿನಿಸು ಅದು.

ಗಡ್ಡೆಯಿಂದ ಶುರುಮಾಡೋಣ. ಬ್ರಿಟನ್ನಿನ ಚಿಪ್ಸ್ ಮಾಡುವವರ ಅಚ್ಚುಮೆಚ್ಚಿನ ತಳಿ ಮ್ಯಾರಿಸ್ ಪೈಪರ್. ಕೇಂಬ್ರಿಜ್‌ನ ಸಸ್ಯತಳಿ ಸಂಸ್ಥೆಯಲ್ಲಿ ಅಭಿವೃದ್ಧಿಯಾಗಿ 1966ರಲ್ಲಿ ಹೊಲಕ್ಕೆ ಬಂತು. ಸಂಸ್ಥೆಯಿದ್ದ ಮ್ಯಾರಿಸ್ ಲೇನ್ ಎಂಬ ಬೀದಿಯ ಹೆಸರೇ ತಳಿಗೂ ಅಂಟಿಕೊಂಡಿತು. ಅದನ್ನು ಬೆಳೆಸಿದ್ದು ಚಿಪ್ಸಿಗಾಗಿ ಅಲ್ಲ. ಬೇರಿಗೆ ಗಂಟುಬಿದ್ದು ಗಿಡವನ್ನು ಸೊರಗಿಸುವ ದುಂಡುಹುಳುವಿನ ಒಂದು ಬಗೆಯನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿತ್ತು, ರೈತರು ಕೈಹಿಡಿದದ್ದು ಆ ಕಾರಣಕ್ಕೆ. ಈ ಹುಳು ನಮಗೂ ಅಪರಿಚಿತವಲ್ಲ. ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ ಅದು 1961ರಲ್ಲೇ ಪತ್ತೆಯಾಗಿತ್ತು. ಮ್ಯಾರಿಸ್ ಪೈಪರ್‌ನಲ್ಲಿ ಕರಿಯುವವರು ಕಂಡುಕೊಂಡ ಗುಣ ಬೇರೆಯದು. ಅದರಲ್ಲಿ ಪಿಷ್ಟ ಜಾಸ್ತಿ. ನೀರು ತೆಗೆದರೆ ಉಳಿಯುವ ಒಣ ಅಂಶ ತೂಕದ ಐದನೇ ಒಂದು ಭಾಗಕ್ಕೂ ಮಿಗಿಲು. ಪಿಷ್ಟ ಹೆಚ್ಚಿದ್ದಷ್ಟೂ ಗಡ್ಡೆಯ ಸಾಂದ್ರತೆ ಹೆಚ್ಚು. ಹದವಾಗಿ ಕದಡಿದ ಉಪ್ಪುನೀರಿಗೆ ಗಡ್ಡೆಗಳನ್ನು ಸುರಿದರೆ ಪಿಷ್ಟದ ಗಡ್ಡೆ ಮುಳುಗುತ್ತದೆ, ನೀರುನೀರಾದದ್ದು ತೇಲುತ್ತದೆ. ಪ್ರಯೋಗಾಲಯ ಬೇಡದ ಈ ಪರೀಕ್ಷೆಯನ್ನು ಓದುಗರು ಮನೆಯಲ್ಲೇ ಮಾಡಿ ನೋಡಬಹುದು.

ಚಳಿಗಾಲಕ್ಕೆ ಗಡ್ಡೆ ಗೋದಾಮು ಸೇರುತ್ತದೆ. ಅಲ್ಲಿ ಒಂದು ಅಪಾಯ ಕಾದಿದೆ. ಆಲೂಗಡ್ಡೆ ಜೀವಂತ ವಸ್ತು, ಚೀಲದೊಳಗೂ ಉಸಿರಾಡುತ್ತಿರುತ್ತದೆ. ಶಾಖ ಆರೇಳು ಡಿಗ್ರಿಗಿಂತ ಕೆಳಗಿಳಿದರೆ ಅದು ತನ್ನ ಪಿಷ್ಟವನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಸಕ್ಕರೆಗಳನ್ನಾಗಿ ಮಾಡಿಕೊಳ್ಳಲು ಶುರುಮಾಡುತ್ತದೆ. ಸಕ್ಕರೆ ಕರಗಿದ ರಸ ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಗಡ್ಡೆಗೆ ಅದು ಚಳಿಯಿಂದ ಕಾಪಾಡಿಕೊಳ್ಳುವ ಉಪಾಯ, ಕರಿಯುವವನಿಗೆ ತಲೆನೋವು. ಇಂಥ ಗಡ್ಡೆ ಎಣ್ಣೆಗೆ ಬಿದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದಾಗುತ್ತದೆ, ರುಚಿ ಕಹಿಯಾಗುತ್ತದೆ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ಕರಿಯಬೇಡಿ ಎನ್ನುವುದಕ್ಕೆ ಕಾರಣ ಇಷ್ಟೇ.

ಕಂದುಬಣ್ಣದ ಹಿಂದಿನ ರಸಾಯನ ಕ್ರಿಯೆಗೆ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಹೆಸರಿದೆ. ಸಕ್ಕರೆ ಮತ್ತು ಅಮೈನೋ ಆಮ್ಲ ಶಾಖದಲ್ಲಿ ಕೂಡಿ ಬಣ್ಣ, ಪರಿಮಳಗಳ ನೂರಾರು ಅಣುಗಳಾಗುವುದನ್ನು ಅವನು 1912ರಲ್ಲಿ ವಿವರಿಸಿದ. ದೋಸೆಯ ಕೆಂಪಿಗೂ ಬ್ರೆಡ್ಡಿನ ಅಂಚಿಗೂ ಇದೇ ಮೂಲ. ಆದರೆ ಈ ಕ್ರಿಯೆಗೆ ಇನ್ನೊಂದು ಮುಖವೂ ಇದೆ ಎಂದು ಗೊತ್ತಾದದ್ದು ತೀರ ಈಚೆಗೆ, ಅದೂ ಒಂದು ರೈಲು ಸುರಂಗದ ದೆಸೆಯಿಂದ. ಸ್ವೀಡನ್ನಿನ ದಕ್ಷಿಣದ ಹಾಲಾಂಡ್ಸೋಸ್ ಬೆಟ್ಟದಲ್ಲಿ ಸುರಂಗ ಕೊರೆಯುತ್ತಿದ್ದಾಗ ಒಸರುವ ನೀರನ್ನು ತಡೆಯಲು ಅಕ್ರಿಲಮೈಡ್ ಇದ್ದ ಗಾರೆಯನ್ನು ಬಂಡೆಯ ಬಿರುಕುಗಳಿಗೆ ತುಂಬಿದರು. ಅದು ಸೋರಿ ತೊರೆಗೆ ಸೇರಿ 1997ರಲ್ಲಿ ಮೀನುಗಳು ಸತ್ತವು, ನೀರು ಕುಡಿದ ಹಸುಗಳು ಕಾಲು ಸೋತು ಬಿದ್ದವು. ಕೆಲಸಗಾರರ ರಕ್ತ ಪರೀಕ್ಷೆ ನಡೆಯಿತು. ಹೋಲಿಸಿ ನೋಡಲೆಂದು ಸುರಂಗದ ಹತ್ತಿರವೂ ಸುಳಿಯದವರ ರಕ್ತವನ್ನೂ ತೆಗೆದರು. ಅವರ ರಕ್ತದಲ್ಲೂ ಅಕ್ರಿಲಮೈಡಿನ ಗುರುತು! ಎಲ್ಲಿಂದ ಬಂತು? ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಮಾರ್ಗರೇಟಾ ತರ್ನ್‌ಕ್ವಿಸ್ಟ್ ಮತ್ತು ಸಂಗಡಿಗರು ಆ ಜಾಡು ಹಿಡಿದು ಹೋಗಿ ನಿಂತದ್ದು ಅಡುಗೆಮನೆಯ ಬಾಗಿಲಲ್ಲಿ. ಆಲೂಗಡ್ಡೆಯಲ್ಲಿ ಹೇರಳವಾಗಿರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸಕ್ಕರೆಯೊಂದಿಗೆ ಸೇರಿದಾಗ ಅಕ್ರಿಲಮೈಡ್ ಹುಟ್ಟುತ್ತದೆ. 2002ರಲ್ಲಿ ಈ ಸಂಗತಿ ಹೊರಬಿದ್ದ ಮೇಲೆ ಆಹಾರ ವಿಜ್ಞಾನದ ದಿಕ್ಕೇ ಸ್ವಲ್ಪ ಹೊರಳಿತು. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2017ರಲ್ಲಿ ಜನರಿಗೆ ಹೇಳಿದ್ದು ಸರಳ ಮಾತು: ಚಿನ್ನದ ಬಣ್ಣ ಬಂದರೆ ಸಾಕು, ಕಂದಾಗುವವರೆಗೆ ಬಿಡಬೇಡಿ. ಚಿಪ್ಪಿಯ ತಿಳಿಹಳದಿ ಚಿಪ್ಸ್ ಈ ವಿಷಯದಲ್ಲಿ ಮೊದಲಿನಿಂದಲೂ ಜಾಣ ದಾರಿಯಲ್ಲೇ ಇತ್ತು. ತುಂಡು ದಪ್ಪವಾಗಿದ್ದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಕಂದಾಗುವ ಜಾಗವೂ ಕಡಿಮೆ.

ಈಗ ಬಾಣಲೆಯ ಹತ್ತಿರ ಹೋಗೋಣ. ಅಂಗಡಿಯಲ್ಲಿ ಅದು ಉದ್ದನೆಯ ಸ್ಟೀಲಿನ ಕಟ್ಟೆ, ಅದರಲ್ಲಿ ಸಾಲಾಗಿ ಆಳವಾದ ಎಣ್ಣೆತೊಟ್ಟಿಗಳು. ಶಾಖ 170-180 ಡಿಗ್ರಿ. ಸಿಪ್ಪೆ ಸುಲಿದು ಹೆಚ್ಚಿ, ಮೇಲ್ಮೈಯ ಪಿಷ್ಟ ಹೋಗುವ ಹಾಗೆ ತೊಳೆದ ತುಂಡುಗಳನ್ನು ಇಳಿಬಿಟ್ಟ ಕ್ಷಣ ತೊಟ್ಟಿ ಭೋರೆನ್ನುತ್ತದೆ. ಆ ಗುಳ್ಳೆಗಳಲ್ಲಿರುವುದು ನೀರಾವಿ. ಎಣ್ಣೆ ಇನ್ನೂ ಕುದಿಯುವ ಹತ್ತಿರವೂ ಬಂದಿರುವುದಿಲ್ಲ. ತುಂಡಿನ ಹೊರಮೈಯ ನೀರು ಮೊದಲು ಹಾರಿಹೋಗುತ್ತದೆ. ಅಲ್ಲಿ ಒಣಗಿದ ತೆಳುಪದರ ಮೂಡಿ, ಆವಿಯಾಗುವ ಗೆರೆ ನಿಧಾನವಾಗಿ ಒಳಗೆ ಸರಿಯುತ್ತದೆ. ಆ ಗೆರೆಯ ಒಳಬದಿಯಲ್ಲಿ ನೀರಿರುವ ತನಕ ಶಾಖ 100 ಡಿಗ್ರಿ ದಾಟದು. ಹೀಗಾಗಿ ಒಂದೇ ತುಂಡಿನಲ್ಲಿ ಎರಡು ಅಡುಗೆ ಒಟ್ಟಿಗೆ ನಡೆಯುತ್ತದೆ, ಹೊರಗೆ ಕರಿಯುವುದು, ಒಳಗೆ ತನ್ನದೇ ನೀರಿನಲ್ಲಿ ಬೇಯುವುದು. ಒಳಗಡೆ 60-70 ಡಿಗ್ರಿಗೆ ಪಿಷ್ಟದ ಕಣಗಳು ಕೋಶದೊಳಗಿನ ನೀರನ್ನು ಹೀರಿ ಉಬ್ಬುತ್ತವೆ. ಕೋಶ ಕೋಶಗಳನ್ನು ಅಂಟಿಸಿಟ್ಟಿದ್ದ ಪೆಕ್ಟಿನ್ ಸಡಿಲಗೊಳ್ಳುತ್ತದೆ. ನಾಲಿಗೆ ತಾಕಿದರೆ ಹುಡಿಯಾಗುವ ಮೃದುತನ ಬರುವುದು ಹೀಗೆ.

ನೀರನ್ನು ಆವಿ ಮಾಡುವುದು ದುಬಾರಿ ಕೆಲಸ. ಒಂದು ಕಿಲೋ ನೀರನ್ನು 10 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 377 ಕಿಲೋಜೂಲ್ ಸಾಕು. ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ 2,257 ಕಿಲೋಜೂಲ್ ಬೇಕು. ಗುಪ್ತೋಷ್ಣ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ. ಒಂದೇ ಸಲಕ್ಕೆ ರಾಶಿ ಹಾಕಿದರೆ ಎಣ್ಣೆಯ ಶಾಖವನ್ನೆಲ್ಲ ಈ ನೀರು ನುಂಗಿಬಿಡುತ್ತದೆ. ತೊಟ್ಟಿ ತಣ್ಣಗಾಗುತ್ತದೆ, ಹೊರಪದರ ಮೂಡುವುದೇ ಇಲ್ಲ. ಅಂಗಡಿಯಲ್ಲಿ ಜನ ಎಷ್ಟೇ ಕಾಯುತ್ತಿದ್ದರೂ ಪಳಗಿದ ಕೈ ಅವಸರಪಡದಿರುವುದು ಈ ಕಾರಣಕ್ಕೆ. ಗುಳ್ಳೆಗಳ ಅಬ್ಬರ ಇಳಿದು ತುಂಡುಗಳು ತೇಲಿಬಂದಾಗ ಒಂದನ್ನು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಾರೆ. ನೀರು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳಾಗಿ ತುಂಡು ಹಗುರವಾಗಿರುತ್ತದೆ. ಒತ್ತಿದರೆ ಹೊರಗೆ ತುಸು ಬಿಗಿ, ಒಳಗೆ ಮೆತ್ತಗೆ. ಉಷ್ಣಮಾಪಕ ಎದುರಿಗೇ ಇದ್ದರೂ ಕೊನೆಯ ತೀರ್ಪು ಬೆರಳಿನದೇ.

ಎಣ್ಣೆ ಒಳಗೆ ಹೋಗುವುದು ಯಾವಾಗ? ಕರಿಯುವಾಗಲೇ ಎಂದು ಯಾರಾದರೂ ಹೇಳುತ್ತಾರೆ. ಬಣ್ಣ ಬೆರೆಸಿದ ಎಣ್ಣೆಯಲ್ಲಿ ಆಲೂಗಡ್ಡೆ ಕರಿದು ನೋಡಿದ ವಿಜ್ಞಾನಿಗಳಿಗೆ ಸಿಕ್ಕ ಉತ್ತರ ಬೇರೆ. ತುಂಡು ತೊಟ್ಟಿಯಲ್ಲಿರುವಷ್ಟು ಹೊತ್ತೂ ಒಳಗಿನ ಆವಿ ಹೊರಕ್ಕೆ ನುಗ್ಗುತ್ತಿರುತ್ತದೆ, ಎಣ್ಣೆಗೆ ದಾರಿ ಬಿಡುವುದಿಲ್ಲ. ಮೇಲೆತ್ತಿದ ಮೇಲೆ ತಣಿಯುತ್ತ ರಂಧ್ರಗಳೊಳಗಿನ ಆವಿ ನೀರಾಗುತ್ತದೆ, ಒತ್ತಡ ಕುಸಿಯುತ್ತದೆ, ಮೈಗೆ ಅಂಟಿದ್ದ ಎಣ್ಣೆಯನ್ನು ರಂಧ್ರಗಳು ಒಳಗೆಳೆದುಕೊಳ್ಳುತ್ತವೆ. ಹಾಗಾಗಿ ಎತ್ತಿದ ಕೂಡಲೇ ಜಾಲರಿಯನ್ನು ಚೆನ್ನಾಗಿ ಕೊಡವಬೇಕು, ಆ ಕೆಲವು ಸೆಕೆಂಡುಗಳು ಬಹಳ ಮುಖ್ಯ. ದಪ್ಪದ ಲಾಭ ಇಲ್ಲೂ ಇದೆ. 14 ಮಿಲಿಮೀಟರ್ ದಪ್ಪದ ತುಂಡಿಗೆ ಹೋಲಿಸಿದರೆ 7 ಮಿಲಿಮೀಟರ್ ತುಂಡಿಗೆ ಅದೇ ತೂಕಕ್ಕೆ ಎರಡು ಪಟ್ಟು ಹೊರಮೈ. ಎಣ್ಣೆ ಕುಡಿಯುವುದು ಹೊರಮೈ ಆದ್ದರಿಂದ ಬರ್ಗರ್ ಅಂಗಡಿಯ ಸಪೂರ ಫ್ರೈಗಿಂತ ಚಿಪ್ಪಿಯ ದಪ್ಪ ಚಿಪ್ಸಿನಲ್ಲಿ ಜಿಡ್ಡು ಕಡಿಮೆ.

ಯಾವ ಎಣ್ಣೆ ಎನ್ನುವುದು ಪ್ರದೇಶವನ್ನು ಅವಲಂಬಿಸಿದೆ. ಇಂಗ್ಲೆಂಡಿನ ದಕ್ಷಿಣದಲ್ಲಿ ಹೆಚ್ಚಾಗಿ ಸಸ್ಯದ ಎಣ್ಣೆ. ಯಾರ್ಕ್‌ಶೈರ್‌ನಲ್ಲಿ ದನದ ಕೊಬ್ಬನ್ನು ಕರಗಿಸಿ ಅದರಲ್ಲೇ ಕರಿಯುವ ರೂಢಿ ಇಂದಿಗೂ ಗಟ್ಟಿಯಾಗಿದೆ. ಅಲ್ಲಿ ನೆಲೆಸಿರುವ ಸಸ್ಯಾಹಾರಿ ಕನ್ನಡಿಗರು ಆಲೂಗಡ್ಡೆ ತಾನೇ ಎಂದು ನೇರವಾಗಿ ಕೈಚಾಚುವಂತಿಲ್ಲ, ಯಾವುದರಲ್ಲಿ ಕರಿದದ್ದು ಎಂದು ಮೊದಲು ಕೇಳಿಕೊಳ್ಳಬೇಕು. ಆ ಕೊಬ್ಬು ಸಂತೃಪ್ತ ಬಗೆಯದಾದ್ದರಿಂದ ಬಿಸಿಗೆ ಬೇಗ ಕೆಡುವುದಿಲ್ಲ, ತಣ್ಣಗಾದರೆ ಮಾತ್ರ ತುಂಡಿನ ಮೇಲೆ ಮೇಣದ ಪದರವಾಗಿ ಕೂರುತ್ತದೆ. ಸಸ್ಯದ ಎಣ್ಣೆಯಲ್ಲಿರುವ ಲಿನೋಲಿಕ್ ಆಮ್ಲ ಬಿಸಿಗೆ ಒಡೆದು ಡೆಕಾಡೈಇನಾಲ್ ಎಂಬ ಅಣುವನ್ನು ಕೊಡುತ್ತದೆ. ಕರಿದ ತಿಂಡಿಯ ವಾಸನೆ ಎಂದು ನಾವು ಗುರುತಿಸುವುದು ಬಹುಪಾಲು ಇದನ್ನೇ.

ಈಗ ಕಾಗದದ ವಿಷಯ, ನನಗೆ ಈ ಅಧ್ಯಾಯದಲ್ಲಿ ಅತಿ ಪ್ರಿಯವಾದ ಭಾಗ. ಕರಿದ ಹೊರಪದರ ಗರಿಗರಿಯಾಗಿರುವುದು ಅದು ಗಾಜಿನ ಸ್ಥಿತಿಯಲ್ಲಿ ಇರುವುದರಿಂದ. ಒಣಗಿದ ಪಿಷ್ಟದ ಅಣುಗಳು ಅಲುಗಾಡಲಾಗದೆ ಬಿಗಿದುಕೊಂಡಿರುತ್ತವೆ, ಕಚ್ಚಿದರೆ ಬಾಗದೆ ಮುರಿಯುತ್ತವೆ. ಅವುಗಳ ನಡುವೆ ನೀರು ನುಸುಳಿದರೆ ಅಣುಗಳಿಗೆ ಸರಿದಾಡಲು ಎಡೆ ಸಿಗುತ್ತದೆ, ಗಾಜು ರಬ್ಬರಾಗುತ್ತದೆ. ಆಷಾಢದ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟ ಹಪ್ಪಳ ಮೆತ್ತಗಾಗುವುದು ಇದೇ ಭೌತವಿಜ್ಞಾನದಿಂದ. ಚಿಪ್ಸನ್ನು ಕಾಗದದಲ್ಲಿ ಸುತ್ತಿದ ಕೂಡಲೇ ಒಳಗಿನಿಂದ ಇನ್ನೂ ಹೊರಡುತ್ತಿರುವ ಹಬೆಗೆ ಹೋಗಲು ಸಾಕಷ್ಟು ದಾರಿಯಿರುವುದಿಲ್ಲ. ಅದು ಹೊರಪದರದ ಮೇಲೇ ಕೂರುತ್ತದೆ. ಐದು ನಿಮಿಷದಲ್ಲಿ ಗರಿಗರಿತನ ಮಾಯವಾಗಿ, ಮೇಲೆ ತುಸು ಜಗಿಯುವ ತೊಗಲು, ಒಳಗೆ ಹಬೆಯಾಡುವ ಹಿಟ್ಟು. ಒಂದು ಕಾಲದಲ್ಲಿ ಸುತ್ತುತ್ತಿದ್ದುದು ಹಳೆಯ ವೃತ್ತಪತ್ರಿಕೆಯಲ್ಲಿ. ಮುದ್ರಣದ ಮಸಿ ತಿನಿಸಿಗೆ ತಾಗಬಾರದೆಂದು 1980ರ ದಶಕದ ಹೊತ್ತಿಗೆ ಅದು ನಿಂತುಹೋಗಿ ಬರಿಯ ಬಿಳಿ ಕಾಗದ ಬಂತು. ಕಾಗದಕ್ಕೊಂದು ಒಳ್ಳೆಯ ಗುಣವಿದೆ: ಸ್ವಲ್ಪ ಹಬೆಯನ್ನು ಹೀರಿಕೊಳ್ಳುತ್ತದೆ, ಸ್ವಲ್ಪವನ್ನು ಹೊರಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಚಿಪ್ಸ್ ತೊಯ್ದು ಮುದ್ದೆಯಾಗುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಪಂಥವೂ ಒಂದಿದೆ. ಬ್ರೇ ಎಂಬ ಹಳ್ಳಿಯಲ್ಲಿ ಫ್ಯಾಟ್ ಡಕ್ ಎಂಬ ಹೆಸರಾಂತ ಹೋಟೆಲು ನಡೆಸುವ ಹೆಸ್ಟನ್ ಬ್ಲೂಮೆಂತಾಲ್ 1990ರ ದಶಕದಲ್ಲಿ ಮೂರು ಬಾರಿ ಬೇಯಿಸುವ ವಿಧಾನ ರೂಪಿಸಿದರು. ಮೊದಲು ನೀರಿನಲ್ಲಿ, ಒಡೆದುಹೋಗುತ್ತದೆ ಎನ್ನುವವರೆಗೆ. ಆಮೇಲೆ ತಣಿಸಿ ತೇವ ಆರಿಸಿ 130 ಡಿಗ್ರಿ ಎಣ್ಣೆಯಲ್ಲಿ. ಮತ್ತೆ ತಣಿಸಿ 180 ಡಿಗ್ರಿಯಲ್ಲಿ. ಪ್ರತಿ ಹಂತದಲ್ಲೂ ಗುರಿ ಒಂದೇ, ನೀರನ್ನು ಓಡಿಸುವುದು. ಮೈಯೆಲ್ಲಾ ಬಿರುಕುಬಿಟ್ಟ ಆ ಚಿಪ್ಸಿನ ಹೊರಪದರ ನಿಜಕ್ಕೂ ಗಾಜಿನಂತೆ ಮುರಿಯುತ್ತದೆ. ಅದು ಅಸಾಮಾನ್ಯ ಸಾಧನೆ, ಸಂಶಯವಿಲ್ಲ. ಆದರೆ ಅದನ್ನು ತಟ್ಟೆಯಲ್ಲಿ, ಕುರ್ಚಿಯ ಮೇಲೆ ಕೂತು ತಿನ್ನಬೇಕು. ಮೂರು ಡಿಗ್ರಿ ಚಳಿಯಲ್ಲಿ ಬಸ್ಸಿಗೆ ಕಾಯುತ್ತ ತಿನ್ನುವುದಕ್ಕೆ ಕಾಗದದೊಳಗೆ ಮೆತ್ತಗಾದ ಚಿಪ್ಸೇ ಸರಿ ಎನ್ನುವುದು ನನ್ನ ದೃಢ ಅಭಿಪ್ರಾಯ. ಆ ಮೆತ್ತನೆಯ ಮೈ ಉಪ್ಪನ್ನೂ ಹುಳಿಯನ್ನೂ ಹಿಡಿದಿಟ್ಟುಕೊಳ್ಳುವಷ್ಟು ಗಾಜಿನಂಥ ಮೈ ಹಿಡಿಯಲಾರದು.

ಸುತ್ತುವ ಮುನ್ನ ಕಟ್ಟೆಯಾಚೆಯ ಹೆಂಗಸು ಪ್ರತಿಯೊಬ್ಬರನ್ನೂ ಕೇಳುತ್ತಾಳೆ:

"ಉಪ್ಪು, ವಿನೆಗರ್ ಹಾಕ್ಲಾ, ಲವ್?"

"ಹ್ಞೂಂ, ವಿನೆಗರ್ ಸ್ವಲ್ಪ ಜಾಸ್ತೀನೇ ಇರ್ಲಿ."

"ಹೊರಗೆ ಮಂಜು ಬೀಳೋ ಹಾಗಿದೆ ಅಲ್ವಾ?"

"ರಾತ್ರಿ ಬೀಳುತ್ತಂತೆ. ಅಷ್ಟರಲ್ಲಿ ಮನೆ ಸೇರ್ಕೋಬೇಕು."

ಎಪ್ಪತ್ತರ ಅಜ್ಜನಿಗೂ, ಶಾಲೆಯ ಸಮವಸ್ತ್ರದ ಹುಡುಗಿಗೂ, ಕೆಲಸಕ್ಕೆಂದು ಮೈಸೂರಿನಿಂದ ಹೋಗಿರುವ ಎಂಜಿನಿಯರಿಗೂ ಅದೇ ಲವ್. ಯಾರ್ಕ್‌ಶೈರ್‌ನಲ್ಲಿ ಅದು ಅಪರಿಚಿತರನ್ನು ಕೂಗುವ ಸಾಮಾನ್ಯ ರೀತಿ, ನಾವು ಅಣ್ಣ, ಅಕ್ಕ ಎನ್ನುವಷ್ಟೇ ಸಹಜ. ಸ್ಕಾಟ್ಲೆಂಡಿಗೆ ಹೋದರೆ ಪ್ರಶ್ನೆ ಬದಲಾಗುತ್ತದೆ. ಗ್ಲಾಸ್ಗೋದಲ್ಲಿ ಉಪ್ಪು ಮತ್ತು ವಿನೆಗರ್, ಎಡಿನ್‌ಬರೋದಲ್ಲಿ ಉಪ್ಪು ಮತ್ತು ತೆಳ್ಳಗಿನ ಕಂದು ಸಾಸ್. ಎರಡೂ ಊರಿನವರು ಇದನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ.

ವಿನೆಗರ್ ಎಂದರೆ ನೂರಕ್ಕೆ ನಾಲ್ಕರಿಂದ ಆರು ಪಾಲು ಅಸಿಟಿಕ್ ಆಮ್ಲವಿರುವ ನೀರು. ಬಾರ್ಲಿಯ ಮೊಳಕೆಯಿಂದ ಹುದುಗಿಸಿದ್ದು ಸಾಂಪ್ರದಾಯಿಕ. ಬಹಳಷ್ಟು ಅಂಗಡಿಗಳ ಬಾಟಲಿಯಲ್ಲಿರುವುದು ಅಸಿಟಿಕ್ ಆಮ್ಲಕ್ಕೆ ನೀರು, ಕಂದುಬಣ್ಣ ಬೆರೆಸಿದ ದ್ರವ. ಕಾನೂನಿನ ಪ್ರಕಾರ ಅದನ್ನು ವಿನೆಗರ್ ಎಂದು ಮಾರುವಂತಿಲ್ಲ, ಮೂಗಿಗೆ ಮಾತ್ರ ಎರಡೂ ಒಂದೇ. ಬಿಸಿ ಚಿಪ್ಸಿಗೆ ತಾಗಿದೊಡನೆ ಆಮ್ಲದ ಒಂದು ಪಾಲು ಆವಿಯಾಗಿ ಮೇಲೇಳುತ್ತದೆ. ಪೊಟ್ಟಣ ಬಿಚ್ಚಿದಾಗ ಮೂಗಿನ ಆಳಕ್ಕೆ ಚುಚ್ಚಿ ಕಣ್ಣಂಚು ಒದ್ದೆ ಮಾಡುವುದು ಅದೇ. ಅದು ಬರಿಯ ವಾಸನೆಯಲ್ಲ, ಮುಖದ ಸ್ಪರ್ಶ, ನೋವು, ಉರಿಗಳನ್ನು ಮಿದುಳಿಗೆ ಒಯ್ಯುವ ತ್ರಿಶಾಖಾ ನರದ ಮೂಲಕ ಬರುವ ಸಂವೇದನೆ.

ಇಲ್ಲೊಂದು ಸೊಗಸಾದ ಶೋಧ ನೆನಪಾಗುತ್ತದೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರಕೋಶದ ಪ್ರೊಟೀನನ್ನು ಪತ್ತೆಹಚ್ಚಿತು. ಅದರ ಹೆಸರು ಟಿಆರ್‌ಪಿವಿ1. ನೋಡಿದರೆ ಅದೇ ಪ್ರೊಟೀನು ಸುಮಾರು 43 ಡಿಗ್ರಿ ಮೀರಿದ ಬಿಸಿಗೂ ತೆರೆದುಕೊಳ್ಳುತ್ತದೆ, ಆಮ್ಲಕ್ಕೂ ತೆರೆದುಕೊಳ್ಳುತ್ತದೆ. ಆಮ್ಲವಿದ್ದರೆ ಅದರ ಬಿಸಿಯ ಹೊಸ್ತಿಲು ಇನ್ನೂ ಕೆಳಗಿಳಿಯುತ್ತದೆ. ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂದದ್ದು ಬಿಸಿ ಮತ್ತು ಸ್ಪರ್ಶದ ಇಂಥ ಗ್ರಾಹಕಗಳ ಶೋಧಕ್ಕೆ. ಬಿಸಿ, ಹುಳಿ, ಖಾರ ಮೂರೂ ಒಂದೇ ಬಾಗಿಲು ತಟ್ಟುತ್ತವೆ! ಚಿಪ್ಸಿಗೆ ವಿನೆಗರ್ ಸುರಿದುಕೊಂಡವನಿಗೆ ಅದು ಇದ್ದದ್ದಕ್ಕಿಂತ ಬಿಸಿಯೆನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಅರಿಸಿನ, ಮೆಂತ್ಯದ ಘಮದ ಹಳದಿ ಕರಿ ಸಾಸನ್ನು ಮೇಲೆ ಸುರಿಸಿಕೊಳ್ಳುವವರಿಗಂತೂ ಮೂರೂ ಒಟ್ಟಿಗೆ ಸಿಗುತ್ತವೆ. ಬ್ರಿಟನ್ನಿನ ಚಳಿಗಾಲದಲ್ಲಿ ನಮ್ಮ ಕಡೆಯ ಮಸಾಲೆಗೆ ಸಿಕ್ಕ ಅತ್ಯಂತ ಸಾಮಾನ್ಯ, ಅತ್ಯಂತ ಪ್ರೀತಿಯ ಜಾಗ ಇದು ಎಂದರೂ ನಡೆದೀತು.

ಚಿಪ್ಸ್ ತಿಂದರೆ ಮೈ ಬೆಚ್ಚಗಾಗುತ್ತದೆ ಎನ್ನುವುದು ಎಷ್ಟು ನಿಜ? ಲೆಕ್ಕ ಮಾಡಬಹುದು. 300 ಗ್ರಾಂ ಚಿಪ್ಸ್ 70 ಡಿಗ್ರಿಯಲ್ಲಿ ಹೊಟ್ಟೆ ಸೇರಿ 37ಕ್ಕೆ ತಣಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 30 ಕಿಲೋಜೂಲ್. 70 ಕಿಲೋ ತೂಕದ ದೇಹವನ್ನು ಒಂದು ಡಿಗ್ರಿ ಏರಿಸಲು 245 ಕಿಲೋಜೂಲಾದರೂ ಬೇಕು. ಹಾಗಾದರೆ ಏರಿಕೆ ಒಂದು ಡಿಗ್ರಿಯ ಎಂಟನೇ ಒಂದು ಭಾಗ. ಅದೇ ಚಿಪ್ಸಿನ ಪಿಷ್ಟ, ಕೊಬ್ಬುಗಳಲ್ಲಿ ಅಡಗಿರುವ ಶಕ್ತಿ ಮೂರು ಸಾವಿರ ಕಿಲೋಜೂಲಿನಷ್ಟು, ಆದರೆ ಅದು ಕೈಗೆ ಸಿಗುವುದು ತಾಸುಗಟ್ಟಲೆ ಜೀರ್ಣವಾದ ಮೇಲೆ. ಮೊದಲ ತುತ್ತಿಗೇ ಬರುವ ಹಿತಕ್ಕೆ ಇವೆರಡೂ ಕಾರಣವಲ್ಲ. ಕಾರಣ ಅಂಗೈ, ತುಟಿ, ಬಾಯಿ. ಅಂಗೈಯ ಚರ್ಮದಡಿ ಅಪಧಮನಿ, ಅಭಿಧಮನಿಗಳನ್ನು ನೇರವಾಗಿ ಜೋಡಿಸುವ ವಿಶೇಷ ರಕ್ತನಾಳಗಳಿವೆ. ಚಳಿಗೆ ಮುಚ್ಚಿಕೊಳ್ಳುವ ಇವು ಬಿಸಿ ಪೊಟ್ಟಣ ಹಿಡಿದಾಗ ತೆರೆದು ಬೆರಳುಗಳಿಗೆ ರಕ್ತ ಹರಿಸುತ್ತವೆ. ಚಳಿಯ ಗ್ರಾಹಕಗಳು ಮಿದುಳಿಗೆ ಸತತವಾಗಿ ಕಳಿಸುತ್ತಿದ್ದ ದೂರು ನಿಲ್ಲುತ್ತದೆ. ಶಾಖದ ಮೊತ್ತ ಚಿಕ್ಕದು. ಅದು ತಾಗುವ ಜಾಗಗಳು ನರಗಳಿಂದ ದಟ್ಟವಾಗಿರುವುದರಿಂದ ಅಷ್ಟು ಚಿಕ್ಕ ಮೊತ್ತವೂ ಸಾಕಾಗುತ್ತದೆ.

ಇಂಥ ಅಂಗಡಿ ಹುಟ್ಟಿದ್ದಕ್ಕೂ ಶಾಖದ ಅರ್ಥಶಾಸ್ತ್ರಕ್ಕೂ ನಂಟಿದೆ. 1860ರ ಆಸುಪಾಸಿನಲ್ಲಿ ಮೀನು ಮತ್ತು ಚಿಪ್ಸನ್ನು ಜೊತೆಯಾಗಿ ಮಾರಿದ ಮೊದಲಿಗರು ಯಾರೆಂಬುದಕ್ಕೆ ಲಂಡನ್ನಿನ ಜೋಸೆಫ್ ಮಾಲಿನ್, ಲ್ಯಾಂಕಶೈರಿನ ಮಾಸ್ಲಿಯ ಜಾನ್ ಲೀಸ್ ಎಂದು ಎರಡು ಹೆಸರುಗಳ ನಡುವೆ ಹಗ್ಗಜಗ್ಗಾಟವಿದೆ. ವ್ಯಾಪಾರ ಬೇರುಬಿಟ್ಟದ್ದು ಹತ್ತಿಗಿರಣಿಯ ಊರುಗಳಲ್ಲಿ. ಗಂಡಹೆಂಡಿರಿಬ್ಬರೂ ಗಿರಣಿಗೆ ಹೋಗುವ ಮನೆ, ಇರುವುದೊಂದೇ ಕಲ್ಲಿದ್ದಲಿನ ಒಲೆ, ಅಷ್ಟೊಂದು ಎಣ್ಣೆ ಕಾಯಿಸುವ ಮಾತೇ ಇಲ್ಲ. ಬೀದಿಗೊಂದು ತೊಟ್ಟಿ ಕಾದರೆ ನೂರು ಮನೆಯ ಊಟ ಬಿಸಿಯಾಗಿ ಸಿಗುತ್ತಿತ್ತು. 1920ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಸುಮಾರು 35,000 ಚಿಪ್ಪಿಗಳಿದ್ದವು, ಈಗ ಉಳಿದಿರುವುದು 10,000ದ ಆಸುಪಾಸು. ಎರಡನೇ ಮಹಾಯುದ್ಧದಲ್ಲಿ ಬೆಣ್ಣೆ, ಸಕ್ಕರೆ, ಮಾಂಸ, ಚಹಾ ಎಲ್ಲಕ್ಕೂ ರೇಷನ್ ಬಂದರೂ ಮೀನು, ಆಲೂಗಡ್ಡೆಗಳಿಗೆ ಬರಲಿಲ್ಲ. ಬಡವರ ಸಣ್ಣಪುಟ್ಟ ಸುಖಗಳು ದೇಶದಲ್ಲಿ ಕ್ರಾಂತಿಯನ್ನು ತಡೆದಿರಬಹುದು ಎಂದು ಜಾರ್ಜ್ ಆರ್ವೆಲ್ 1937ರಲ್ಲಿ ಬರೆದಾಗ ಆ ಪಟ್ಟಿಯಲ್ಲಿ ಇದೂ ಇತ್ತು.

ಆದರೂ ಹಿತ ಎಂದರೇನು ಎಂಬ ಪ್ರಶ್ನೆ ಉಳಿದೇ ಇದೆ. ಕೊಬ್ಬು ಮತ್ತು ಪಿಷ್ಟ ಒಟ್ಟಿಗೆ ಇರುವ ತಿನಿಸನ್ನು ಮಿದುಳು ವಿಶೇಷವಾಗಿ ಮೆಚ್ಚುತ್ತದೆ ಎನ್ನುವುದಕ್ಕೆ ಆಧಾರವಿದೆ. ಯೇಲ್ ವಿಶ್ವವಿದ್ಯಾಲಯದ ಡಾನಾ ಸ್ಮಾಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಷ್ಟೇ ಕ್ಯಾಲೊರಿಯ ಬರಿ ಕೊಬ್ಬಿನ ಅಥವಾ ಬರಿ ಪಿಷ್ಟ-ಸಕ್ಕರೆಯ ತಿನಿಸಿಗಿಂತ ಎರಡೂ ಕೂಡಿದ ತಿನಿಸಿಗೆ ಜನ ಹೆಚ್ಚು ಹಣ ಕೊಡಲು ಸಿದ್ಧರಿದ್ದರು. ಆದರೆ ತಿನ್ನಬೇಕೆನ್ನಿಸುವುದೇ ಬೇರೆ, ತಿಂದ ಮೇಲೆ ಮನಸ್ಸು ಹಗುರಾಗುವುದೇ ಬೇರೆ. ಮಿನೆಸೋಟ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದುಃಖದ ಚಿತ್ರ ತೋರಿಸಿ ಕೆಲವರಿಗೆ ಅವರವರ ನೆಚ್ಚಿನ ತಿನಿಸು, ಕೆಲವರಿಗೆ ಬೇರೆ ತಿನಿಸು ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಲ್ಲರ ಮನಸ್ಸೂ ಒಂದೇ ಸಮನಾಗಿ ತಿಳಿಯಾಯಿತು. ಬಿಸಿ ಲೋಟ ಹಿಡಿದವರು ಎದುರಿನವರನ್ನು ಹೆಚ್ಚು ಆತ್ಮೀಯರೆಂದು ಭಾವಿಸುತ್ತಾರೆ ಎಂದು 2008ರಲ್ಲಿ ಬಂದ ಪ್ರಸಿದ್ಧ ಪ್ರಯೋಗವೂ, ಆಮೇಲೆ ಹೆಚ್ಚು ಜನರನ್ನಿಟ್ಟುಕೊಂಡು ಮರಳಿ ಮಾಡಿದಾಗ ನಿಲ್ಲಲಿಲ್ಲ. ಇಂಥ ಫಲಿತಾಂಶಗಳನ್ನು ಮುಚ್ಚಿಡದೆ ಹೇಳಬೇಕು, ಇಲ್ಲದಿದ್ದರೆ ವಿಜ್ಞಾನ ಜಾಹೀರಾತಾಗುತ್ತದೆ.

ಹೆಚ್ಚು ನಂಬಲರ್ಹ ಎಂದು ನನಗೆ ಕಾಣುವುದು ಜೋರ್ಡನ್ ಟ್ರೊಯಿಸಿ ಮತ್ತು ಶಿರಾ ಗೇಬ್ರಿಯಲ್ 2011ರಲ್ಲಿ ತೋರಿಸಿದ ದಾರಿ. ಕೋಳಿ ಸಾರನ್ನು ತಮ್ಮ ಮನಸ್ಸಿನ ತಿನಿಸು ಎಂದುಕೊಂಡಿದ್ದವರು ಅದನ್ನು ಕುಡಿದಾಗ ಅವರ ತಲೆಯಲ್ಲಿ ಬಂಧುತ್ವದ ಪದಗಳು ಹೆಚ್ಚು ಸುಲಭವಾಗಿ ಏಳುತ್ತಿದ್ದವು. ಅದನ್ನು ಹಾಗೆ ಪರಿಗಣಿಸದವರಲ್ಲಿ ಈ ಪರಿಣಾಮ ಇರಲಿಲ್ಲ. ಹಿತ ಇರುವುದು ಅಣುವಿನಲ್ಲಿ ಮಾತ್ರ ಅಲ್ಲ, ಆ ಅಣುವಿನ ಜೊತೆ ಯಾರಿದ್ದರು ಎನ್ನುವುದರಲ್ಲೂ ಇದೆ. ವಾಸನೆಯ ಸಂದೇಶ ಉಳಿದ ಇಂದ್ರಿಯಗಳ ಹಾಗೆ ಥಲಾಮಸ್ ಎಂಬ ಕೇಂದ್ರವನ್ನು ಮೊದಲು ಹಾಯದೆ, ಭಾವನೆ ಮತ್ತು ನೆನಪಿನ ಭಾಗಗಳಿಗೆ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ವಿನೆಗರಿನ ಒಂದು ಹಬೆಗೆ ಶುಕ್ರವಾರದ ಸಂಜೆ, ಅಪ್ಪನ ಕೋಟಿನ ಜೇಬು, ಸಾಲಿನಲ್ಲಿ ನಿಂತು ಹವಾಮಾನ ಮಾತಾಡಿದ ಪಕ್ಕದ ಮನೆಯವರು ಎಲ್ಲ ಒಟ್ಟಿಗೆ ಎದ್ದುಬರುವುದು ಹಾಗೆ. ಚಿಪ್ಪಿಯ ಸಾಲು ಈ ದೃಷ್ಟಿಯಿಂದ ತಿನಿಸಿನ ಹೊರಗಿನ ವಸ್ತುವಲ್ಲ, ಅದರದೇ ಒಂದು ಘಟಕ.

ತಿನ್ನಲು ಕೊಡುವುದು ಎರಡೇ ಹಲ್ಲಿನ ಪುಟ್ಟ ಮರದ ಫೋರ್ಕು. ಮರ ಶಾಖವನ್ನು ಸ್ಟೀಲಿನ ನೂರನೇ ಒಂದು ಪಾಲಷ್ಟೂ ಸಾಗಿಸದು, ತುಟಿ ಸುಡುವುದಿಲ್ಲ, ಚಳಿಗೆ ಬೆರಳೂ ಕೊರೆಯುವುದಿಲ್ಲ. ಬೇಗ ತಿನ್ನಬೇಕು. ತಣಿಯುತ್ತ ಹೋದ ಹಾಗೆ ಉಬ್ಬಿದ್ದ ಪಿಷ್ಟದ ಅಣುಗಳು ಮತ್ತೆ ಸಾಲುಗೂಡಿ ಗಟ್ಟಿಯಾಗುತ್ತವೆ, ಹಿಡಿದಿಟ್ಟಿದ್ದ ನೀರನ್ನು ಹೊರತಳ್ಳುತ್ತವೆ. ಒಮ್ಮೆ ಹಾಗಾದ ಚಿಪ್ಸನ್ನು ಮರಳಿ ಬಿಸಿಮಾಡಿದರೂ ಮೊದಲಿನ ಹದ ಬಾರದು.

ಪೊಟ್ಟಣದ ತಳದಲ್ಲಿ ಕೊನೆಗೆ ಮುರುಕು ತುಂಡುಗಳು ಉಳಿಯುತ್ತವೆ. ತೂಕಕ್ಕೆ ಹೋಲಿಸಿದರೆ ಅವಕ್ಕೆ ಹೊರಮೈ ಬಹಳ, ಮೇಲಿನಿಂದ ಇಳಿದ ವಿನೆಗರ್ ಮತ್ತು ಉಪ್ಪು ಸೇರುವುದೂ ಅಲ್ಲೇ. ಇಬ್ಬರು ಹಂಚಿಕೊಂಡು ತಿನ್ನುವಾಗ ಮಾತು ನಿಂತು ಇಬ್ಬರ ಕೈಯೂ ಚುರುಕಾಗುವುದು ಈ ಹಂತದಲ್ಲಿ. ಯಾರ್ಕ್‌ಶೈರಿನ ಅಂಗಡಿಗಳಲ್ಲಿ ಮೀನು ಕರಿಯುವಾಗ ಉದುರಿದ ಹಿಟ್ಟಿನ ಗರಿಗರಿ ಚೂರುಗಳನ್ನೂ ಸ್ಕ್ರ್ಯಾಪ್ಸ್ ಎಂದು ಪುಕ್ಕಟೆಯಾಗಿ ಮೇಲೆ ಹಾಕಿಕೊಡುವ ವಾಡಿಕೆಯಿದೆ. ಬೇಕಿದ್ದವರು ಬಾಯಿಬಿಟ್ಟು ಕೇಳಬೇಕು, ಅದೂ ವಿನೆಗರ್ ಬಾಟಲಿ ಬಾಗುವ ಮೊದಲೇ.